ಮೆಟ್ಟಿಲ ಮೇಲೆ ಕೂತವರು

ತಮ್ಮ: ಅಕ್ಕ, ನೀನು ಮತ್ತೆ ರಕ್ತದ ಕಥೆ ಶುರು ಮಾಡುವ ಮೊದಲು ಒಂದು ಗಳಿಗೆ ನನಗೆ ಈ ಕಲ್ಲನ್ನು ನೋಡಲು ಬಿಡು. ಬೆಳಗ್ಗೆ ಮ್ಯೂಸಿಯಮ್ಮಿನಲ್ಲಿ ಕಂಡದ್ದು ಇನ್ನೂ ಕಣ್ಣಿನಿಂದ ಹೋಗಿಲ್ಲ. ಇಲ್ಲಿ ಸುತ್ತ ಎಲ್ಲಿ ತಿರುಗಿದರೂ ಬಯಲು. ಗುಡ್ಡವಿಲ್ಲ, ಹೊಳೆಯಿಲ್ಲ. ಕೆಳಗೆ ಕುಳ್ಳ ಕುಳ್ಳ ಮನೆಗಳ ಒಂದು ಸಣ್ಣ ಊರು. ಅದರ ನಡುವೆ 36 ಮೀಟರ್ ಎತ್ತರದ ಗೋಡೆ, ಒಂದರ ಮೇಲೊಂದು ಮೂರು ಸಾಲು ಕಮಾನು. ಉದ್ದ 148 ಮೀಟರ್, ಅಗಲ 122. ರೋಮ್ ನಗರದ ಕೊಲೊಸಿಯಮ್ ಇದಕ್ಕಿಂತ ದೊಡ್ಡದು, ನಿಜ. ಆದರೆ ಅದು ರಾಜಧಾನಿ. ಈ ಎಲ್ ಜೆಮ್‌ನಲ್ಲಿ, ಟ್ಯುನೀಷಿಯಾದ ಈ ಒಣ ಬಯಲಿನಲ್ಲಿ ಇಂಥದ್ದನ್ನು ಕಟ್ಟಬೇಕು ಎಂದು ಯಾರಿಗೆ ಅನ್ನಿಸಿತು?

ಅಕ್ಕ: ನೋಡು, ಅವಸರವಿಲ್ಲ. ನಿನ್ನ ಪ್ರಶ್ನೆಯೂ ನನ್ನ ಪ್ರಶ್ನೆಯೂ ಒಂದೇ. ನೀನು ಎಂಜಿನಿಯರನ ಬಾಯಲ್ಲಿ ಕೇಳುತ್ತಿದ್ದೀಯ, ಅಷ್ಟೇ ವ್ಯತ್ಯಾಸ.

ತಮ್ಮ: ಹಾಗಾದರೆ ಎಂಜಿನಿಯರನ ಮಾತನ್ನೇ ಮೊದಲು ಕೇಳು. ಬಹಳ ಕಡೆ ರೋಮನ್ನರು ಆಂಫಿಥಿಯೇಟರ್, ಅಂದರೆ ಕಾಳಗ ಬೇಟೆಗಳ ಆಟ ನೋಡಲು ಸುತ್ತ ಮೆಟ್ಟಿಲಿರುವ ಕಣ, ಕಟ್ಟುವಾಗ ನೆಲದ ಸಹಾಯ ಪಡೆದರು. ಪೊಂಪೈಯಲ್ಲಿ ಕ್ರಿಸ್ತಪೂರ್ವ 70ರ ಸುಮಾರಿಗೆ ಕಟ್ಟಿದ್ದು ನಮಗೆ ಗೊತ್ತಿರುವ ಕಲ್ಲಿನ ಆಂಫಿಥಿಯೇಟರುಗಳಲ್ಲೇ ಹಳೆಯದು. ಅಲ್ಲಿ ಕಣವನ್ನು ನೆಲಕ್ಕಿಂತ ಕೆಳಗೆ ಅಗೆದು, ಅಗೆದ ಮಣ್ಣನ್ನೇ ಸುತ್ತ ಏರಿ ಹಾಕಿ ಅದರ ಮೇಲೆ ಮೆಟ್ಟಿಲು ಕೂರಿಸಿದರು. ಇದೇ ಊರಿನಲ್ಲಿ ಇದಕ್ಕೂ ಮೊದಲಿದ್ದ ಸಣ್ಣದನ್ನು ನೋಡಿದೆವಲ್ಲ, ಅದನ್ನೂ ಮೆದು ಕಲ್ಲಿನ ದಿಬ್ಬಕ್ಕೆ ಒರಗಿಸಿಯೇ ಮಾಡಿದ್ದಾರೆ. ಈ ದೊಡ್ಡದಕ್ಕೆ ಒರಗಲು ಏನೂ ಇಲ್ಲ. ಆಳದ ತಳಪಾಯ ಕೂಡ ಇಲ್ಲ. ಕೊಲೊಸಿಯಮ್ಮಿನಲ್ಲಿ ಕಾಂಕ್ರೀಟು, ಇಟ್ಟಿಗೆ, ಬೇರೆ ಬೇರೆ ಜಾತಿಯ ಕಲ್ಲು ಎಲ್ಲ ಸೇರಿವೆ. ಇಲ್ಲಿ ಪೂರ್ತಿ ಕಡಿದ ಕಲ್ಲು. ಕಮಾನು ತನ್ನ ಭಾರವನ್ನು ಎರಡು ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಪಕ್ಕದ ಕಮಾನು ತಡೆಯುತ್ತದೆ, ಅದರದ್ದನ್ನು ಅದರಾಚೆಯದು. ಸಾಲು ಸುತ್ತಿಕೊಂಡು ಬಂದು ತನ್ನನ್ನೇ ಸೇರಿದಾಗ ಎಲ್ಲ ಕಮಾನುಗಳೂ ಒಂದಕ್ಕೊಂದು ಆಸರೆ. ನಾನು ಓದಿದ್ದನ್ನು ಇಷ್ಟು ದೊಡ್ಡದಾಗಿ, ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದು ಬೇರೆಲ್ಲೂ ನೋಡಿರಲಿಲ್ಲ. ಇದರ ಮುಂದೆ ನಿಂತಾಗ ನನಗೆ ಬರುವುದು ಗೌರವ. ಆ ಗೌರವ ತಪ್ಪು ಎಂದು ನೀನು ಹೇಳಬೇಡ.

ಅಕ್ಕ: ತಪ್ಪು ಎಂದು ಯಾಕೆ ಹೇಳಲಿ? ಇದನ್ನು ಕಟ್ಟಿದ ಕೈಗಳಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಕಲ್ಲು ತಾನಾಗಿ ಬರಲಿಲ್ಲ. ಕರಾವಳಿಯ ಕಡೆಯ ಗಣಿಗಳಿಂದ, ಸುಮಾರು 30 ಕಿಲೋಮೀಟರ್ ದೂರದಿಂದ ಎಳೆದು ತಂದದ್ದು. ಅದಕ್ಕೆ ದುಡ್ಡು ಬೇಕು. ದುಡ್ಡು ಎಲ್ಲಿಂದ ಬಂತು ಹೇಳು.

ತಮ್ಮ: ಆಲಿವ್ ಎಣ್ಣೆಯಿಂದ. ಸೂಸ್ ನಗರ ಬಿಟ್ಟಾಗಿನಿಂದ ದಾರಿಯುದ್ದಕ್ಕೂ ಬೇರೆ ಮರ ಕಂಡದ್ದೇ ಕಡಿಮೆ.

ಅಕ್ಕ: ಈ ಊರಿನ ಹಳೆಯ ಹೆಸರು ಥಿಸ್ಡ್ರಸ್. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ಆಫ್ರಿಕಾದಲ್ಲಿ ತನ್ನ ವಿರೋಧಿಗಳ ಮೇಲೆ ಯುದ್ಧ ಮಾಡಿದಾಗ ಈ ಊರು ಆ ಕಡೆಯವರ ಕೈಯಲ್ಲಿತ್ತು. ಇಟಲಿಯಿಂದ ಬಂದ ವ್ಯಾಪಾರಿಗಳೂ ರೈತರೂ ಇಲ್ಲಿ ಗೋಧಿ ಕೂಡಿಟ್ಟಿದ್ದರು ಎಂದು ಆ ಯುದ್ಧದ ವೃತ್ತಾಂತ ಹೇಳುತ್ತದೆ. ಗೆದ್ದ ಮೇಲೆ ಸೀಸರ್ ಎದುರು ನಿಂತ ಊರುಗಳಿಗೆಲ್ಲ ದಂಡ ಹಾಕಿದ. ಕೆಲವಕ್ಕೆ ಲಕ್ಷಗಟ್ಟಲೆ ನಾಣ್ಯ. ಥಿಸ್ಡ್ರಸ್ ಸರದಿ ಬಂದಾಗ, ಇದು ಬಡ ಊರು, ಒಂದಿಷ್ಟು ಧಾನ್ಯ ಕೊಟ್ಟರೆ ಸಾಕು ಎಂದುಬಿಟ್ಟ. ದಂಡ ಕಟ್ಟಲೂ ಯೋಗ್ಯತೆ ಇಲ್ಲ ಎನ್ನಿಸಿಕೊಂಡ ಊರು ಇದು. ಅಲ್ಲಿಂದ ಮೂರು ಶತಮಾನ ತುಂಬುವುದರೊಳಗೆ ಸುಮಾರು 35,000 ಜನ ಕೂರುವ ಮೆಟ್ಟಿಲುಗಳನ್ನು ಕಟ್ಟಿತು.

ತಮ್ಮ: ನಡುವೆ ಏನಾಯಿತು?

ಅಕ್ಕ: ಆಲಿವ್ ಆಯಿತು. ಇಲ್ಲಿ ಮಳೆ ಕಡಿಮೆ, ಅದೂ ನಂಬುವಂಥದ್ದಲ್ಲ. ಗೋಧಿ ಒಂದು ವರ್ಷ ಬಂದರೆ ಒಂದು ವರ್ಷ ಕೈಕೊಡುತ್ತದೆ. ಆಲಿವ್ ಹಾಗಲ್ಲ. ಬೇರು ಹೋದಲ್ಲಿ ನೀರು ಹುಡುಕಿಕೊಳ್ಳುತ್ತದೆ. ನೆಟ್ಟವನು ವರ್ಷಗಟ್ಟಲೆ ಕಾಯಬೇಕು, ಆಮೇಲೆ ಮರ ತಲೆಮಾರುಗಳನ್ನು ಸಾಕುತ್ತದೆ. ಪಾಳು ಭೂಮಿಯನ್ನು ಸಾಗುವಳಿಗೆ ತಂದವನಿಗೆ ಅದರ ಅನುಭೋಗದ ಹಕ್ಕು, ಮರ ಫಲ ಕೊಡುವ ತನಕ ಕೆಲವು ವರ್ಷ ಗೇಣಿ ಮಾಫಿ ಎಂಬ ನಿಯಮಗಳಿದ್ದವು. ಹೇಡ್ರಿಯನ್ ಚಕ್ರವರ್ತಿಯ ಕಾಲದ ಅಂಥ ನಿಯಮಗಳನ್ನು ಕೆತ್ತಿದ ಶಾಸನಗಳು ಟ್ಯುನೀಷಿಯಾದ ಉತ್ತರ ಭಾಗದಲ್ಲಿ ಸಿಕ್ಕಿವೆ. ನೂರಾರು ವರ್ಷ ಹೀಗೆ ನಡೆದು ಬಯಲೆಲ್ಲ ತೋಪಾಯಿತು. ಎಣ್ಣೆ ಜಾಡಿಗಳಲ್ಲಿ ತುಂಬಿ ಸುಲ್ಲೆಕ್ತಮ್, ಹದ್ರುಮೇತಮ್ ಬಂದರುಗಳ ಮೂಲಕ ರೋಮಿಗೆ ಹೋಯಿತು. ಆ ನಗರಕ್ಕೆ ಅಡಿಗೆಗೂ ಎಣ್ಣೆ, ದೀಪಕ್ಕೂ ಎಣ್ಣೆ, ಸ್ನಾನಕ್ಕೆ ಮುಂಚೆ ಮೈಗೆ ಹಚ್ಚಲೂ ಅದೇ. ರೋಮಿನ ರೇವುಪಟ್ಟಣ ಓಸ್ತಿಯಾದಲ್ಲಿ ವರ್ತಕರ ಚೌಕವೊಂದಿದೆ. ಅಲ್ಲಿ ಸುಲ್ಲೆಕ್ತಮ್ಮಿನ ಹಡಗಿನವರ ಕಚೇರಿ ಮುಂದಿನ ನೆಲದಲ್ಲಿ ಅವರ ಊರಿನ ಹೆಸರು ಮೊಸಾಯಿಕ್ಕಿನಲ್ಲಿ ಇವತ್ತಿಗೂ ಓದಬಹುದು. ಸುಲ್ಲೆಕ್ತಮ್ ಅಂದರೆ ಇಂದಿನ ಸಲಕ್ತಾ. ಇಲ್ಲಿಂದ ಬಹಳ ದೂರವೇನಿಲ್ಲ.

ತಮ್ಮ: ಅಂದರೆ ಹೋದದ್ದು ಎಣ್ಣೆ, ಬಂದದ್ದು ಇದು.

ಅಕ್ಕ: ಇದು ಒಂದೇ ಅಲ್ಲ. ಸ್ನಾನಗೃಹ, ಕುದುರೆ ರಥದ ಓಟಕ್ಕೆ ದೊಡ್ಡ ಮೈದಾನ, ಮೊಸಾಯಿಕ್ ನೆಲದ ಶ್ರೀಮಂತ ಮನೆಗಳು ಎಲ್ಲವೂ ಬಂದವು. ಮ್ಯೂಸಿಯಮ್ಮಿನಲ್ಲಿ ಒಂದು ಮನೆಯನ್ನೇ ಎತ್ತಿ ಮರುಜೋಡಣೆ ಮಾಡಿದ್ದಾರಲ್ಲ, ಆನೆಯ ಸೊಂಡಿಲು ಕೋರೆಗಳ ಕಿರೀಟ ತೊಟ್ಟ ಆಫ್ರಿಕಾ ದೇವಿಯ ಚಿತ್ರ ಇರುವ ಮನೆ. ಅದು 2ನೇ ಶತಮಾನದ್ದು. ಅಂಥವರ ಮೊಮ್ಮಕ್ಕಳು ಈ ಆಂಫಿಥಿಯೇಟರ್ ಕಟ್ಟುವ ಕಾಲದವರು.

ತಮ್ಮ: ಗೋರ್ಡಿಯನ್ ಕಟ್ಟಿಸಿದ ಅಂತ ಗೈಡ್ ಹೇಳುತ್ತಿದ್ದನಲ್ಲ?

ಅಕ್ಕ: ಅದು ಜನಪ್ರಿಯ ಮಾತು. ಕಟ್ಟಡ 3ನೇ ಶತಮಾನದ್ದು. 238ರ ಸುಮಾರು ಎನ್ನುವುದು ರೂಢಿಯ ಲೆಕ್ಕ. ಗೋರ್ಡಿಯನ್ನನ ಕಥೆ ಮಾತ್ರ ಈ ಊರಿನದೇ, ಅದನ್ನು ಇತಿಹಾಸಕಾರ ಹೆರೋಡಿಯನ್ ಬರೆದಿದ್ದಾನೆ. ಮ್ಯಾಕ್ಸಿಮಿನಸ್ ಚಕ್ರವರ್ತಿಗೆ ಯುದ್ಧಕ್ಕೆ ಹಣ ಬೇಕಿತ್ತು. ಇಲ್ಲಿದ್ದ ಅವನ ತೆರಿಗೆ ಅಧಿಕಾರಿ ಸಿರಿವಂತರ ಮನೆಯ ತರುಣರ ಮೇಲೆ ಅವರ ಆಸ್ತಿಯೇ ಮುಳುಗುವಂಥ ದಂಡ ಹೇರಿದ. ಅವರು ತಮ್ಮ ಹೊಲದ ಆಳುಗಳನ್ನು ಬಡಿಗೆ, ಕೊಡಲಿ ಹಿಡಿಸಿ ಕರೆತಂದರು. ಅಧಿಕಾರಿಯನ್ನು ಕೊಂದರು. ಕೊಂದ ಮೇಲೆ ಉಳಿಯುವ ದಾರಿ ಒಂದೇ, ಹೊಸ ಚಕ್ರವರ್ತಿಯನ್ನು ಮಾಡುವುದು. ಪ್ರಾಂತ್ಯದ ರಾಜ್ಯಪಾಲ ಗೋರ್ಡಿಯನ್ ಇಲ್ಲಿಯೇ ಇದ್ದ, 80ರ ಮುದುಕ. ಅವನ ಮೇಲೆ ನೇರಳೆ ವಸ್ತ್ರ ಹೊದೆಸಿದರು. ಸುಮಾರು ಮೂರು ವಾರದ ರಾಜ್ಯಭಾರ ಅದು. ನುಮಿಡಿಯಾದ ಕಡೆಯಿಂದ ಪಳಗಿದ ಸೈನ್ಯ ಬಂತು, ಕಾರ್ತೇಜ್ ನಗರದ ಮುಂದೆ ಅವನ ಮಗ ಸತ್ತ, ಸುದ್ದಿ ಕೇಳಿ ತಂದೆ ನೇಣು ಹಾಕಿಕೊಂಡ. ಅದೇ ವರ್ಷ ಮೊಮ್ಮಗನನ್ನು ರೋಮ್‌ನಲ್ಲಿ ಪಟ್ಟಕ್ಕೆ ಕೂರಿಸಿದರು, ಇನ್ನೂ ಹುಡುಗ. ಚಕ್ರವರ್ತಿಯನ್ನು ಎಬ್ಬಿಸಿ ಕೂರಿಸುವ ಧೈರ್ಯ ಬರುವಷ್ಟು ಈ ಎಣ್ಣೆ ವರ್ತಕರ ಮಕ್ಕಳು ಬೆಳೆದಿದ್ದರು ಎಂಬುದು ನನಗೆ ಇದರಲ್ಲಿ ಮುಖ್ಯ.

ತಮ್ಮ: ಬಾ, ಕೆಳಗಿಳಿಯೋಣ. ಆ ಸುರಂಗವನ್ನು ನೋಡದೆ ಹೋಗುವುದು ಬೇಡ.

ಅಕ್ಕ: ಹುಷಾರು, ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಇಕೋ, ಕಣದ ಉದ್ದಕ್ಕೂ ಹಾಯುವ ದಾರಿ ಇದು. ಎರಡೂ ಬದಿಗೆ ಕಮಾನಿನ ಕೋಣೆಗಳು. ಪ್ರಾಣಿಗಳನ್ನು ಇಟ್ಟಿದ್ದದ್ದು ಇಲ್ಲಿ. ಮೇಲೆ ಬೆಳಕು ಬೀಳುವ ಆ ತೆರಪುಗಳ ಹತ್ತಿರ ಪಂಜರವನ್ನು ಹಗ್ಗ ರಾಟೆಗಳಿಂದ ಮೇಲಕ್ಕೆತ್ತುತ್ತಿದ್ದರು.

ತಮ್ಮ: ಬೆಳಗ್ಗೆ ಮೊಸಾಯಿಕ್ಕಿನಲ್ಲಿ ಹುಲಿ ಇತ್ತು, ಕಾಡುಕತ್ತೆಯ ಮೇಲೆ ಬಿದ್ದದ್ದು. ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬಂತು?

ಅಕ್ಕ: ಇಲ್ಲಿಯದಲ್ಲ. ಹುಲಿಯನ್ನು ರೋಮನ್ನರು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಕಡೆಯಿಂದ ಮತ್ತು ಭಾರತದಿಂದ ಬಲ್ಲರು. ಕ್ರಿಸ್ತಪೂರ್ವ 11ರಲ್ಲಿ ಮಾರ್ಸೆಲಸ್ ರಂಗಮಂದಿರದ ಉದ್ಘಾಟನೆಗೆ ಅಗಸ್ಟಸ್ ಚಕ್ರವರ್ತಿ ಮೊದಲ ಸಲ ರೋಮ್‌ನಲ್ಲಿ ಪಳಗಿದ ಹುಲಿಯೊಂದನ್ನು ಪಂಜರದಲ್ಲಿಟ್ಟು ತೋರಿಸಿದ ಎಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಆಫ್ರಿಕಾದ ಸರಕು ಸಿಂಹ, ಚಿರತೆ, ಕರಡಿ. ಇಲ್ಲಿನ ಆಟಗಳಿಗೂ ಬೇಕು, ಹಡಗು ಹತ್ತಿಸಿ ರೋಮಿಗೆ ಕಳಿಸಲೂ ಬೇಕು. ಉತ್ತರ ಆಫ್ರಿಕಾದ ಆನೆ ಆ ಕಾಲದಲ್ಲೇ ಅಳಿಯಿತು. ಸಿಂಹ ಅಟ್ಲಾಸ್ ಬೆಟ್ಟಗಳಲ್ಲಿ ಹೇಗೋ ಉಳಿದುಕೊಂಡು, ಕಡೆಗೆ ಬಂದೂಕಿನ ಕಾಲದಲ್ಲಿ ಅದೂ ಹೋಯಿತು. ಈಗ ಟ್ಯುನೀಷಿಯಾದ ಸಿಂಹವನ್ನು ನೋಡಬೇಕಾದರೆ ಮೊಸಾಯಿಕ್ಕಿನಲ್ಲೇ ನೋಡಬೇಕು.

ತಮ್ಮ: ಒಂದು ಕೇಳಲೇ? ನಿನಗೆ ಇದು ಅಷ್ಟು ಅಸಹ್ಯವಾದರೆ ಇಷ್ಟು ದೂರ ಯಾಕೆ ಬಂದೆ? ನೀನು ವರ್ಷಗಳಿಂದ ಇದನ್ನೇ ಓದುತ್ತಿದ್ದೀಯ. ಸೂಸ್‌ನಲ್ಲಿ ಆ ಚಿರತೆಗಳ ಮೊಸಾಯಿಕ್ ಮುಂದಿನಿಂದ ನಿನ್ನನ್ನು ಎಬ್ಬಿಸಲು ಆಗಲಿಲ್ಲ.

ಅಕ್ಕ: ಅಸಹ್ಯ ಅಂತ ನಾನು ಹೇಳಲೇ ಇಲ್ಲ. ಅಸಹ್ಯಪಟ್ಟು ಮುಖ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ನೀರೋ ಕೆಟ್ಟವನು, ಕೊಮೊಡಸ್ ಹುಚ್ಚ, ಸಿನಿಮಾ ನೋಡಿದ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಪಾಪವೆಲ್ಲ ಒಬ್ಬ ಚಕ್ರವರ್ತಿಯ ತಲೆಗೆ. ಆದರೆ ಈ ಊರಿಗೆ ಯಾವ ಚಕ್ರವರ್ತಿಯೂ ಬಂದು ಕೂರುತ್ತಿರಲಿಲ್ಲ. ಇಲ್ಲಿ ಕೂತವರು ಎಣ್ಣೆ ಗಾಣದವರು, ತೋಟದವರು, ಲೆಕ್ಕ ಬರೆಯುವವರು, ಅವರ ಮಕ್ಕಳು. ಅವರನ್ನು ತಿಳಿಯಬೇಕು ಅಂತ ಬಂದೆ. ಆ ಚಿರತೆಗಳ ಮೊಸಾಯಿಕ್ ಮುಂದೆ ಕೂತದ್ದೂ ಅದಕ್ಕೇ.

ತಮ್ಮ: ಅದರಲ್ಲಿ ನನಗೆ ಕಂಡದ್ದು ನಾಲ್ಕು ಚಿರತೆ, ನಾಲ್ವರು ಬೇಟೆಗಾರರು, ನಡುವೆ ತಟ್ಟೆ ಹಿಡಿದ ಒಬ್ಬ ಸೇವಕ. ಬೇಟೆಗಾರರಲ್ಲಿ ಒಬ್ಬ ಮರಗಾಲು ಕಟ್ಟಿಕೊಂಡು ನಿಂತಿದ್ದ.

ಅಕ್ಕ: ಸ್ಮಿರಾತ್ ಎಂಬ ಹಳ್ಳಿಯಲ್ಲಿ 1960ರ ದಶಕದಲ್ಲಿ ಸಿಕ್ಕ ನೆಲ ಅದು. 3ನೇ ಶತಮಾನದ್ದು, ಅಂದರೆ ಈ ಕಟ್ಟಡದ ವಾರಿಗೆಯದು. ಮಗೇರಿಯಸ್ ಎಂಬ ಜಮೀನ್ದಾರನ ಮನೆಯದು. ಅವನು ತನ್ನ ಖರ್ಚಿನಲ್ಲಿ ಜನರಿಗೆ ಒಂದು ಬೇಟೆಯಾಟ ಕೊಟ್ಟ. ಆ ದಿನವನ್ನು ಮರೆಯಬಾರದು ಎಂದು ಮನೆಯ ನೆಲಕ್ಕೆ ಚಿತ್ರ ಹಾಕಿಸಿದ. ಬೇಟೆಗಾರರ ಹೆಸರು ಬರೆದಿದೆ, ಚಿರತೆಗಳ ಹೆಸರೂ ಬರೆದಿದೆ. ವಿಕ್ಟರ್, ಕ್ರಿಸ್ಪಿನಸ್, ರೊಮಾನಸ್, ಲುಕ್ಸೂರಿಯಸ್. ಹೆಸರಿಟ್ಟು ಕೊಲ್ಲುವುದು ನೋಡು. ಹೆಸರಿದ್ದರೆ ಮೆಟ್ಟಿಲ ಮೇಲಿನವನು ಕೂಗಿ ಕರೆಯಬಹುದು, ಪಣ ಕಟ್ಟಬಹುದು.

ತಮ್ಮ: ತಟ್ಟೆಯಲ್ಲಿ ಚೀಲಗಳಿದ್ದವು.

ಅಕ್ಕ: ಅಲ್ಲೇ ಇದೆ ವಿಷಯ. ಎರಡೂ ಬದಿಗೆ ಉದ್ದಕ್ಕೆ ಬರಹವಿದೆ. ಆಟ ಮುಗಿದ ಮೇಲೆ ನಡೆದ ಮಾತುಕತೆಯನ್ನು ಹಾಗೆಯೇ ಬರೆಸಿದ್ದಾನೆ. ಬೇಟೆಗಾರರು ತೆಲೆಜೆನಿ ಎಂಬ ತಂಡದವರು. ಇಂಥ ತಂಡಗಳು ಆಫ್ರಿಕಾದಲ್ಲಿ ಹಲವಿದ್ದವು, ಒಂದೊಂದಕ್ಕೂ ಒಂದು ಲಾಂಛನ, ಒಬ್ಬ ಇಷ್ಟದೇವತೆ. ತೆಲೆಜೆನಿಗಳದು ಕೋಲಿನ ಮೇಲಿನ ಅರ್ಧಚಂದ್ರ. ಡಂಗುರದವನು ಜನರ ಕಡೆ ತಿರುಗಿ ಚಿರತೆಗೆ 500 ದಿನಾರಿಯಂತೆ ಇವರಿಗೆ ಸಂಭಾವನೆ ಸಿಗಲಿ ಎಂದು ಬೇಡುತ್ತಾನೆ. ಆಗ ಜನ ಕೂಗಲು ಶುರು ಮಾಡುತ್ತಾರೆ. ಮಗೇರಿಯಸ್, ಮಗೇರಿಯಸ್! ಮುಂದೆ ಆಟ ಕೊಡುವವರಿಗೆ ನೀನು ಮಾದರಿ, ಹಿಂದೆ ಕೊಟ್ಟವರೂ ಕೇಳಿಸಿಕೊಳ್ಳಲಿ, ಇಂಥದ್ದು ಎಲ್ಲಿ ನಡೆದಿತ್ತು, ಎಂದು ನಡೆದಿತ್ತು ಎಂಬ ಅರ್ಥದ ಘೋಷಗಳು. ಆ ಸೇವಕನ ತಟ್ಟೆಯ ಚೀಲಗಳ ಮೇಲೆ ಬರೆದಿರುವ ಅಂಕಿ 1,000. ಬೇಡಿದ್ದರ ಎರಡರಷ್ಟು. ಕಡೆಯಲ್ಲಿ ಜನ ಹೇಳುವುದಿಷ್ಟು: ಸಿರಿತನ ಅಂದರೆ ಇದು, ಶಕ್ತಿ ಅಂದರೆ ಇದು.

ತಮ್ಮ: ತನ್ನ ಹೊಗಳಿಕೆಯನ್ನು ತಾನೇ ನೆಲಕ್ಕೆ ಹಾಕಿಸಿಕೊಂಡ.

ಅಕ್ಕ: ಹಾಕಿಸಿಕೊಂಡ. ನಮಗೆ ಅದು ಭಾಗ್ಯ. ಅವನು ಬರೆಸದಿದ್ದರೆ ಮೆಟ್ಟಿಲ ಮೇಲಿನವರ ಗಂಟಲು ನಮಗೆ ಕೇಳುತ್ತಲೇ ಇರಲಿಲ್ಲ. ಆ ದಿನ ಮಗೇರಿಯಸ್ ಕೊಂಡದ್ದು ನಾಲ್ಕು ಚಿರತೆಗಳ ಸಾವನ್ನಲ್ಲ, ಜನ ತನ್ನ ಹೆಸರು ಕೂಗುವುದನ್ನು. ಜನರೂ ದಡ್ಡರಲ್ಲ. ಹೊಗಳಿ ಹೊಗಳಿ ಅವನನ್ನು ಕಟ್ಟಿಹಾಕಿದರು. ಅಷ್ಟು ಕೂಗಿದ ಮೇಲೆ 500 ಕೊಟ್ಟು ಎದ್ದು ಹೋಗುವ ಮುಖ ಯಾರಿಗಿದೆ? ಈ ಇಡೀ ಕಟ್ಟಡ ನಿಂತದ್ದು ಆ ವ್ಯವಹಾರದ ಮೇಲೆ. ದುಡ್ಡಿದ್ದವನಿಗೆ ಹೆಸರು ಬೇಕು, ಜನರಿಗೆ ನೋಟ ಬೇಕು, ನಡುವೆ ಮರಳಿನ ಮೇಲೆ ಇರುವವರ ಬಗ್ಗೆ ಇಬ್ಬರಿಗೂ ಚಿಂತೆಯಿಲ್ಲ. ನೀನು ಕಮಾನು ಕಮಾನಿಗೆ ಆಸರೆ ಎಂದೆಯಲ್ಲ, ಇಲ್ಲಿ ಒಬ್ಬರ ಆಸೆಗೆ ಇನ್ನೊಬ್ಬರ ಆಸೆ ಆಸರೆ.

ತಮ್ಮ: ಚಿಂತೆಯಿಲ್ಲ ಎಂದು ಪೂರ್ತಿ ಹೇಳಬೇಡ. ಟ್ಯುನಿಸ್‌ನ ಬಾರ್ಡೊ ಮ್ಯೂಸಿಯಮ್ಮಿನಲ್ಲಿ ಇದೇ ಊರಿನ ಇನ್ನೊಂದು ಮೊಸಾಯಿಕ್ ನೋಡಿದೆವು. ಐವರು ಕುಡಿಯುತ್ತಾ ಕೂತಿದ್ದಾರೆ. ಒಬ್ಬೊಬ್ಬನ ತಲೆಯ ಮೇಲೂ ಅವನ ಮಾತು ಬರೆದಿದೆ. ಒಬ್ಬ ಕುಡಿಯೋಣ ಅನ್ನುತ್ತಾನೆ, ಇನ್ನೊಬ್ಬ ನೀವು ಬಹಳ ಮಾತಾಡುತ್ತೀರಿ ಅನ್ನುತ್ತಾನೆ. ಮುಂದೆ ಕಣದಲ್ಲಿ ಐದು ಹೋರಿಗಳು ಮಲಗಿವೆ. ಸೇವಕ ಕೈಯೆತ್ತಿ, ಗಲಾಟೆ ಬೇಡ, ಹೋರಿಗಳು ನಿದ್ದೆ ಮಾಡಲಿ ಎನ್ನುತ್ತಾನೆ. ಆ ಐವರು ಬೇಟೆ ತಂಡಗಳವರು, ಅವರವರ ಲಾಂಛನ ಅಲ್ಲೇ ಇದೆ. ನನಗೆ ಆ ಚಿತ್ರದಲ್ಲಿ ಜೀವವಿರುವ ಮನುಷ್ಯರು ಕಂಡರು.

ಅಕ್ಕ: ಅದು ನನಗೂ ಬಹಳ ಪ್ರೀತಿಯ ಚಿತ್ರ. ಆಟದ ಹಿಂದಿನ ರಾತ್ರಿಯದು ಎಂದು ಹಲವರು ಓದುತ್ತಾರೆ. ನೀನು ಹೇಳಿದ್ದು ಸರಿ, ಆ ಬೇಟೆಗಾರರು ಮನುಷ್ಯರಾಗಿ ಕಾಣುತ್ತಾರೆ, ಹೋರಿಗಳ ನಿದ್ದೆಗೂ ಒಂದು ಬೆಲೆ ಇದೆ. ಆದರೆ ಬೆಳಗ್ಗೆ ನೋಡಿದ ಇನ್ನೊಂದನ್ನು ನೆನೆ. ಸೊಲೆರ್ತಿಯಾನಾ ಮನೆ ಎಂದು ಕರೆಯುವ ಮನೆಯ ನೆಲ. ಕೈ ಹಿಂದಕ್ಕೆ ಕಟ್ಟಿದ ಮನುಷ್ಯ, ಅವನನ್ನು ಹಿಂದಿನಿಂದ ಹಿಡಿದು ಮುಂದೆ ತಳ್ಳುತ್ತಿರುವ ಆಳು, ಅವನ ಮುಖಕ್ಕೇ ಎಗರಿದ ಚಿರತೆ. ಅವನಿಗೆ ಹೆಸರು ಬರೆದಿಲ್ಲ. ಮರಣದಂಡನೆಗೆ ಗುರಿಯಾದ ಕೈದಿ ಅವನು. ಚಿರತೆಗೆ ಹೆಸರು ಇಟ್ಟ ನಾಡಿನಲ್ಲಿ ಇವನಿಗೆ ಇಲ್ಲ. ಆ ನೆಲದ ಮೇಲೆ ಮನೆಯವರು ಓಡಾಡಿದರು, ಮಕ್ಕಳು ಆಡಿದರು.

ತಮ್ಮ: ನಾನು ಅದರ ಮುಂದೆ ನಿಲ್ಲಲಾರದೆ ಹೊರಗೆ ಬಂದೆ.

ಅಕ್ಕ: ಗೊತ್ತು. ನಾನು ನಿಂತು ನೋಡಿದೆ. ಕೆಲಸದವನು ಕಲ್ಲಿನ ಚೂರುಗಳನ್ನು ಎಷ್ಟು ಮುತುವರ್ಜಿಯಿಂದ ಜೋಡಿಸಿದ್ದಾನೆ! ಚಿರತೆಯ ಮೈಮೇಲಿನ ಚುಕ್ಕೆ, ನೆಲಕ್ಕೆ ಬಿದ್ದ ರಕ್ತ, ಯಾವುದನ್ನೂ ಬಿಟ್ಟಿಲ್ಲ. ಅವರು ಇದನ್ನು ಮುಚ್ಚಿಡಲಿಲ್ಲ, ಮನೆಗೆ ಬಂದ ಅತಿಥಿಗೆ ತೋರಿಸಿದರು. ಅಪರಾಧಿಗೆ ಶಿಕ್ಷೆಯಾಯಿತು, ಲೋಕ ನೆಟ್ಟಗಿದೆ ಎಂಬ ನೆಮ್ಮದಿ ಅವರಿಗೆ ಅದರಲ್ಲಿ ಇತ್ತು.

ತಮ್ಮ: ಯಾರೂ ಬೇಡ ಅನ್ನಲಿಲ್ಲವೇ?

ಅಕ್ಕ: ಅನ್ನಬೇಕಾದವರು ಮರಳಿನ ಮೇಲಿದ್ದರು. 203ರಲ್ಲಿ ಕಾರ್ತೇಜ್‌ನಲ್ಲಿ ಪೆರ್ಪೆತುವಾ ಎಂಬ ತರುಣಿಯನ್ನು ಅವಳ ಜೊತೆಯ ಕ್ರೈಸ್ತರೊಂದಿಗೆ ಪ್ರಾಣಿಗಳಿಗೆ ಒಡ್ಡಿದರು. ವಯಸ್ಸು 22ರ ಸುಮಾರು, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಸೆರೆಮನೆಯಲ್ಲಿ ಅವಳೇ ಬರೆದದ್ದು ಉಳಿದಿದೆ. ಮಗು ಹತ್ತಿರ ಇಲ್ಲದ ಸಂಕಟ, ತಂದೆ ಬಂದು ಕಾಲು ಹಿಡಿದದ್ದು, ಕಂಡ ಕನಸು ಎಲ್ಲವನ್ನೂ ತನ್ನ ಮಾತಿನಲ್ಲಿ ಬರೆದಿದ್ದಾಳೆ. ಕೊನೆಯ ದಿನದ್ದನ್ನು ಬೇರೆ ಯಾರೋ ಸೇರಿಸಿದ್ದಾರೆ. ಅವಳ ಜೊತೆಯವನಾದ ಸಾತುರಸ್‌ನನ್ನು ಚಿರತೆ ಕಚ್ಚಿ ಮೈಯೆಲ್ಲ ರಕ್ತವಾದಾಗ, ಮೆಟ್ಟಿಲ ಮೇಲಿನವರು ಸ್ನಾನಗೃಹದಲ್ಲಿ ಒಬ್ಬರಿಗೊಬ್ಬರು ಹೇಳುವ ಶುಭಾಶಯವನ್ನು ಕೂಗಿದರು. ಮಿಂದು ಸುಖವಾಗಿದ್ದೀಯಾ ಎನ್ನುವ ಹಾಗೆ. ದಿನನಿತ್ಯದ ಮಾತು, ದಿನನಿತ್ಯದ ಜನ. ನನಗೆ ಚಿರತೆಯ ಹಲ್ಲಿಗಿಂತ ಆ ಕೂಗು ಹೆಚ್ಚು ಭಯ ಹುಟ್ಟಿಸುತ್ತದೆ.

ತಮ್ಮ: ಅವರು ಹುಟ್ಟಾ ಕ್ರೂರಿಗಳೇ? ನನಗೆ ನಂಬಿಕೆ ಬರುವುದಿಲ್ಲ.

ಅಕ್ಕ: ನನಗೂ ಇಲ್ಲ. ಅದಕ್ಕೆ ಸಾಕ್ಷಿ ಇದೇ ನಾಡಿನ ಇನ್ನೊಬ್ಬ, ಅಲಿಪಿಯಸ್. ಸಂತ ಅಗಸ್ಟೀನನ ಊರಿನವನು, ಗೆಳೆಯ. ಕಾನೂನು ಓದಲು ರೋಮಿಗೆ ಹೋಗಿದ್ದ. ಗ್ಲಾಡಿಯೇಟರುಗಳ ಕಾಳಗ ಎಂದರೆ ಅವನಿಗೆ ಹೇಸಿಗೆ. ಸ್ನೇಹಿತರು ಎಳೆದುಕೊಂಡು ಹೋದರು. ಮೈ ಎಳೆದೊಯ್ಯಬಹುದು, ಕಣ್ಣು ನನ್ನದು ಎಂದುಕೊಂಡು ಮುಚ್ಚಿ ಕೂತ. ಅಗಸ್ಟೀನ್ ಹೇಳುವುದು ಇದನ್ನೇ, ಕಣ್ಣನ್ನು ಮುಚ್ಚಿದ, ಕಿವಿ ಮುಚ್ಚಲಿಲ್ಲ. ಯಾರೋ ಬಿದ್ದರು, ಜನ ಒಮ್ಮೆಲೆ ಕೂಗಿದರು. ಏನಾಯಿತು ಎಂದು ಕಣ್ಣು ತೆರೆದ. ಆಮೇಲೆ ಮುಚ್ಚಲಾಗಲಿಲ್ಲ. ತಾನೂ ಕೂಗಿದ, ಮತ್ತೆ ಬಂದ, ಬೇರೆಯವರನ್ನು ಕರೆತರುವವನಾದ. ಅವನನ್ನು ಕೆಡಿಸಿದ್ದು ರಕ್ತದ ನೋಟಕ್ಕೆ ಮೊದಲು ಜನರ ಧ್ವನಿ.

ತಮ್ಮ: ಧ್ವನಿ ಅಂದೆಯಲ್ಲ, ಅದು ಕಟ್ಟಡದ ಕೆಲಸವೂ ಹೌದು. ಮತ್ತೆ ಮೇಲೆ ಹತ್ತಿ ಬಂದೆವಲ್ಲ, ಇಲ್ಲಿ ನಿಂತು ನೋಡು. ದೀರ್ಘವೃತ್ತದ ಬಟ್ಟಲು. ರಂಗಮಂದಿರದಲ್ಲಿ ಜನ ಅರ್ಧ ವರ್ತುಲದಲ್ಲಿ ಕೂರುತ್ತಾರೆ, ಎದುರಿಗೆ ವೇದಿಕೆ. ಇಲ್ಲಿ ಎದುರಿಗೆ ಮತ್ತೆ ಜನ. ಕಣದಾಚೆ ಕಣ್ಣು ಹಾಯಿಸಿದರೆ ಇನ್ನೂ ಸಾವಿರಾರು ಮುಖ. ಒಂದು ಕಡೆ ಎದ್ದ ಕೂಗು ಎದುರು ಗೋಡೆಗೆ ಬಡಿದು ಹಿಂದಿರುಗುತ್ತದೆ. ಹೊರಗೆ ಬಯಲು, ತೋಟ ಏನೂ ಕಾಣುವುದಿಲ್ಲ. ಕೂತವನಿಗೆ ಕಾಣುವುದು ತನ್ನಂಥವರೇ, ಕೇಳುವುದು ತನ್ನಂಥವರದೇ.

ಅಕ್ಕ: ಅದರಲ್ಲೂ ಯಾರು ಎಲ್ಲಿ ಕೂರಬೇಕು ಎಂಬ ಕಟ್ಟು. ಅಗಸ್ಟಸ್ ರೋಮ್‌ನಲ್ಲಿ ತಂದ ನಿಯಮವನ್ನು ರೋಮನ್ ಲೇಖಕ ಸುಯೆಟೋನಿಯಸ್ ವಿವರಿಸಿದ್ದಾನೆ. ಮುಂದಿನ ಸಾಲು ಸೆನೆಟಿನವರಿಗೆ, ಸೈನಿಕರು ಬೇರೆ, ಮದುವೆಯಾದವರು ಬೇರೆ, ಹುಡುಗರು ಒಂದು ಕಡೆ, ಅವರ ಮೇಷ್ಟ್ರುಗಳು ಪಕ್ಕದಲ್ಲೇ. ಹೆಂಗಸರು ಎಲ್ಲರಿಗಿಂತ ಮೇಲೆ, ದೂರದಲ್ಲಿ. ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಬರುವ ಜಾಗ ಇದು. ಸಮಾಜ ತನ್ನನ್ನು ಅಚ್ಚುಕಟ್ಟಾಗಿ ಜೋಡಿಸಿಕೊಂಡು, ಅದರ ಹೊರಗೆ ತಳ್ಳಿದವರನ್ನು ನಡುವೆ ಇಟ್ಟು ನೋಡಿತು.

ತಮ್ಮ: ಸರಿ, ನಿನ್ನ ಮಾತು ಒಪ್ಪಿದೆ. ಈಗ ನನ್ನದನ್ನೂ ನೀನು ಕೇಳಬೇಕು. ಈ ಕಟ್ಟಡ ಆಂಫಿಥಿಯೇಟರ್ ಆಗಿದ್ದದ್ದು ಎಷ್ಟು ಕಾಲ? ಹೆಚ್ಚೆಂದರೆ ಇನ್ನೂರು ವರ್ಷ. ಕೆಲಸ ಪೂರ್ತಿ ಆಗಿರಲೇ ಇಲ್ಲ ಎನ್ನುವವರೂ ಇದ್ದಾರೆ. ಆಮೇಲಿನ ಸಾವಿರದೈನೂರು ವರ್ಷ ಇದು ಬೇರೆ ಏನೇನೋ ಆಗಿತ್ತು. ವೈರಿಗಳು ಬಂದಾಗ ಜನ ಓಡಿ ಬಂದು ಒಳಗೆ ಸೇರಿಕೊಂಡ ಕೋಟೆ. ಅರಬರ ವಿರುದ್ಧ ಹೋರಾಡಿದ ಬರ್ಬರ್ ರಾಣಿ ಕಾಹಿನಾ ಇಲ್ಲಿ ನಿಂತು ಕಾದಿದಳು ಎಂದು ಐತಿಹ್ಯವಿದೆ, ಇಲ್ಲಿಂದ ಸಮುದ್ರಕ್ಕೆ ಸುರಂಗವಿತ್ತು ಎಂದೂ ಜನ ಹೇಳುತ್ತಾರೆ. ಐತಿಹ್ಯವನ್ನು ಬಿಡು. 1695ರಲ್ಲಿ ನಾಡನ್ನಾಳುವ ಮನೆತನದ ದಾಯಾದಿ ಜಗಳದಲ್ಲಿ ಅಲಿ ಬೇ ಕಡೆಯವರು ಒಳಗೆ ಸೇರಿಕೊಂಡಾಗ ಅವನ ಅಣ್ಣ ತಮ್ಮಂದಿರ ಪೈಕಿಯ ಮೊಹಮ್ಮದ್ ಬೇ ಗೋಡೆ ಒಡೆಸಿದ. 1850ರ ಸುಮಾರಿಗೆ ಆ ಕಿಂಡಿಯನ್ನು ಇನ್ನೂ ಅಗಲಿಸಿದರು. ಸುಮಾರು 30 ಮೀಟರ್. ಮದ್ದಿನ ಉಪ್ಪು ತಯಾರಿಸಿದರು, ಅಂಗಡಿ ಇಟ್ಟರು, ಮನೆ ಮಾಡಿದರು, ಧಾನ್ಯ ತುಂಬಿದರು. ಅದರ ಕಲ್ಲು ಊರಿನ ಗೋಡೆಗಳಲ್ಲಿ ಸೇರಿತು. ಅಂದರೆ ಈ ಗೋಡೆ ಕೊಂದದ್ದಕ್ಕಿಂತ ಹೆಚ್ಚು ಕಾಲ ಕಾಯ್ದಿದೆ.

ಅಕ್ಕ: ಈ ಮಾತನ್ನು ನಾನು ಯೋಚಿಸಿರಲಿಲ್ಲ ಎಂದಲ್ಲ. ಆದರೆ ನೀನು ಹೇಳಿದಷ್ಟು ಬಲವಾಗಿ ನನಗೆ ತಟ್ಟಿರಲಿಲ್ಲ.

ತಮ್ಮ: ಆ ಒಡೆದ ಭಾಗದ ಮುಂದೆ ನಿಂತೆಯಾ? ಬೇರೆಯವರಿಗೆ ಅದು ಹಾಳು, ನನಗೆ ಪಾಠ. ಕಟ್ಟಡವನ್ನು ಅಡ್ಡಕ್ಕೆ ಸೀಳಿ ತೋರಿಸಿದ ಹಾಗಿದೆ. ಹೊರಗಿನ ಮೊಗಸಾಲೆ, ಒಳಗೆ ಇಳಿಜಾರಾಗಿ ಇಳಿಯುವ ಕಮಾನುಗಳು, ಅದರ ಬೆನ್ನ ಮೇಲೆ ಮೆಟ್ಟಿಲ ಸಾಲು, ನಡುವೆ ಜನ ಹತ್ತಿ ಇಳಿಯುವ ದಾರಿ. ವರ್ತುಲ ತುಂಡಾದಾಗ ತುದಿಯ ಕಮಾನಿಗೆ ಪಕ್ಕದ ಆಸರೆ ತಪ್ಪುತ್ತದೆ. ಆದರೂ ನಿಂತಿದೆ. ಕೆಲಸ ಕಲಿಯುವ ಹುಡುಗರನ್ನು ಇಲ್ಲಿಗೆ ಕರೆತರಬೇಕು ಅನ್ನಿಸಿತು.

ಅಕ್ಕ: ಕರೆತಾ. ಆದರೆ ಸುರಂಗಕ್ಕೂ ಇಳಿಸು.

ತಮ್ಮ: ಬೇಸಿಗೆಯಲ್ಲಿ ಇಲ್ಲಿ ಸಂಗೀತೋತ್ಸವ ನಡೆಯುತ್ತದೆ. ಎಷ್ಟೋ ವರ್ಷಗಳಿಂದ ಸಿಂಫನಿ ತಂಡಗಳು ಬರುತ್ತವೆ, ಮೆಟ್ಟಿಲ ಮೇಲೆ ದೀಪ ಹಚ್ಚುತ್ತಾರೆ. ಅದು ನಿನಗೆ ಸರಿ ಕಾಣುತ್ತದೆಯೇ?

ಅಕ್ಕ: ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮನುಷ್ಯರನ್ನು ಕೊಂದ ಜಾಗದಲ್ಲಿ ಚಪ್ಪಾಳೆ ಕೇಳಿದರೆ ನನಗೆ ಹಳೆಯ ಚಪ್ಪಾಳೆ ನೆನಪಾಗುತ್ತದೆ.

ತಮ್ಮ: ನನಗೆ ಹಾಗಲ್ಲ. ಈ ಊರಿನವರಿಗೆ ಇದು ತಮ್ಮ ಅಂಗಳ. ಇದರ ಸುತ್ತ ಹುಟ್ಟಿ ಬೆಳೆದವರು, ಇದರೊಳಗೆ ಬದುಕಿದವರ ಮಕ್ಕಳು. ರೋಮಿನ ಪಾಪವನ್ನು ಅವರು ಯಾಕೆ ಹೊರಬೇಕು? ಜನ ಒಟ್ಟಿಗೆ ಕೂತು ಪಿಟೀಲು ಕೇಳಿದರೆ ಅದಕ್ಕಿಂತ ಒಳ್ಳೆಯ ಬಳಕೆ ಇನ್ನೇನು? ಬೀಗ ಹಾಕಿ ಶೋಕ ಮಾಡುವುದಕ್ಕಿಂತ ಇದು ಮೇಲು.

ಅಕ್ಕ: ಅವರದನ್ನು ತಪ್ಪು ಎನ್ನುವ ಅಧಿಕಾರ ನನಗಿಲ್ಲ. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಬಂದವರಲ್ಲಿ ನೀನೂ ನಾನೂ ಸೇರಿದ್ದೇವೆ. ನನ್ನ ದೂರು ನಮ್ಮಂಥ ಪ್ರವಾಸಿಗಳ ಮೇಲೆ. ಬಸ್ಸಿನಿಂದ ಇಳಿಯುತ್ತಾರೆ, ಕಣದ ನಡುವೆ ನಿಂತು ಕೈಯೆತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ, ಗ್ಲಾಡಿಯೇಟರ್ ಆಗುತ್ತಾರೆ. ಗೆದ್ದವನ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಳ್ಳುತ್ತಾರೆ. ಅವತ್ತು ಬದುಕಿದ್ದರೆ ನಮ್ಮಲ್ಲಿ ಬಹುತೇಕರ ಜಾಗ ಅದಲ್ಲ. ನಾವು ಮೇಲೆ ಕೂತಿರುತ್ತಿದ್ದೆವು, ಬಿಸಿಲಿಗೆ ಕೈ ಅಡ್ಡ ಹಿಡಿದು, ಮಡಿಲಲ್ಲಿ ತಿಂಡಿಯ ಗಂಟು ಇಟ್ಟುಕೊಂಡು. ಫೋಟೋ ತೆಗೆಸಿಕೊಳ್ಳುವುದಾದರೆ ಅಲ್ಲಿ ಕೂತು ತೆಗೆಸಿಕೊಳ್ಳಲಿ.

ತಮ್ಮ: ಬೆಳಗ್ಗೆ ನೀನು ಮೊದಲು ಮ್ಯೂಸಿಯಮ್ಮಿಗೆ ಎಂದು ಹಟ ಹಿಡಿದಾಗ ನನಗೆ ಬೇಸರವಾಗಿತ್ತು, ಕಟ್ಟಡ ಕಣ್ಣೆದುರೇ ಇರುವಾಗ ಯಾಕೆ ಇವಳು ಆ ಕಡೆ ನಡೆಸುತ್ತಾಳೆ ಎಂದು. ಈಗ ಬರೀ ಕಲ್ಲನ್ನು ನೋಡಲು ನನ್ನಿಂದ ಆಗುತ್ತಿಲ್ಲ. ಕಮಾನು ನೋಡಿದರೆ ಅದರ ಕೆಳಗೆ ಕೈ ಕಟ್ಟಿದ ಆ ಮನುಷ್ಯ ಕಾಣುತ್ತಾನೆ. ಮೆಟ್ಟಿಲು ನೋಡಿದರೆ ಮಗೇರಿಯಸ್ ಎಂದು ಕೂಗುವವರು ಕೇಳಿಸುತ್ತಾರೆ. ಗೌರವ ಹೋಗಿಲ್ಲ, ಆದರೆ ಅದೊಂದೇ ಉಳಿದಿಲ್ಲ.

ಅಕ್ಕ: ಹಾಗಾದರೆ ಊರಿಗೆ ಹೋಗಿ ಬರೆಯುವಾಗ ಇದನ್ನೇ ಬರೆ. ಟ್ಯುನೀಷಿಯಾಕ್ಕೆ ಹೋಗುವ ಕನ್ನಡಿಗರು ಎಲ್ ಜೆಮ್‌ಗೆ ಒಂದು ಗಂಟೆಯಲ್ಲ, ಒಂದು ದಿನ ಕೊಡಲಿ. ಸಾಧ್ಯವಾದರೆ ಟ್ಯುನಿಸ್‌ನ ಬಾರ್ಡೊವನ್ನೂ ಸೂಸ್‌ನ ಮ್ಯೂಸಿಯಮ್ಮನ್ನೂ ಮೊದಲೇ ನೋಡಿರಲಿ. ಊರಿನ ಮ್ಯೂಸಿಯಮ್ ಸ್ಫಾಕ್ಸ್ ಕಡೆಗೆ ಹೋಗುವ ರಸ್ತೆಯಲ್ಲಿದೆ, ಆಂಫಿಥಿಯೇಟರಿನಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಇಲ್ಲಿಗೆ ಬರಲಿ.